ಬ್ಯಾಟ್ ಬಿಡ್ರೀ, ಭಟ್ರೇ

ಕ್ರಿಕೆಟ್ ಆಡಿ ಬೆಳೆದ ಕೈಗೆ ಒಂದು ರೋಗವಿದೆ. ಅದು ಬ್ಯಾಟನ್ನು ಬಿಡುವುದಿಲ್ಲ. ಓಡುವ ಮನುಷ್ಯ ಹಿಂದೆ ಉಳಿದರೂ ಬ್ಯಾಟಿನ ತುದಿ ಗೆರೆ ದಾಟಿದರೆ ಸಾಕು ಎಂದು ಕಲಿತ ಕೈ ಅದು. ಈ ರೋಗ ನನಗಿದೆಯೆಂದು ಗೊತ್ತಾದದ್ದು ನೈರೋಬಿಗೆ ಬಂದ ಮೇಲೆ. ಪತ್ತೆ ಹಚ್ಚಿದವರು ಶ್ರೀಕಂಠ.

ಶ್ರೀಕಂಠ ನಮ್ಮ ಔಷಧ ಕಾರ್ಖಾನೆಯ ಎಂಜಿನಿಯರ್, ಮೈಸೂರಿನವರು. ನಾನು ಅಲ್ಲಿಯೇ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವವನು. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನ್ನ ಕೆಲಸ. ಹೊಸ ಯಂತ್ರದ ತರಬೇತಿಗೆಂದು ಕಂಪನಿ ಅವರನ್ನು ಜಪಾನಿಗೆ ಕಳಿಸಿತ್ತು. ಯಂತ್ರದ ಜೊತೆಗೆ ಬೇಸ್‌ಬಾಲನ್ನೂ ಕಲಿತು ಬಂದು, ಜ್ವರದಂತೆ ನಮಗೆಲ್ಲ ಅಂಟಿಸಿದರು. ಭಾನುವಾರ ಬೆಳಿಗ್ಗೆ ಲಂಗಾಟಾದ ಮೈದಾನದಲ್ಲಿ ಹೊಟ್ಟೆ ಬಂದ ನಾವೆಲ್ಲ ಆಡುತ್ತಿದ್ದ ಆಟವನ್ನು ಜಪಾನಿನವರು ನೋಡಿದ್ದರೆ ಯಂತ್ರವನ್ನೂ ವಾಪಸು ಕೇಳುತ್ತಿದ್ದರು.

ಆ ಆಟದಲ್ಲಿ ಚೆಂಡಿಗೆ ಹೊಡೆದ ಕೂಡಲೇ ಬ್ಯಾಟನ್ನು ಅಲ್ಲೇ ಬಿಸುಟು ಬರಿಗೈಯಲ್ಲಿ ಓಡಬೇಕು. ಉಳಿದವರು ಹೇಗೋ ಕಲಿತರು. ನಾನು ಮಾತ್ರ ಪ್ರತಿ ಸಲವೂ ಅದನ್ನು ಹಿಡಿದೇ ಓಡುತ್ತಿದ್ದೆ. "ಭಟ್ರಿಗೆ ಬ್ಯಾಟ್ ಅಂದ್ರೆ ಜನಿವಾರ ಇದ್ದಂಗೆ ಕಣ್ರೀ, ಸ್ನಾನಕ್ಕೂ ತೆಗೆಯೋಲ್ಲ" ಎಂದು ಶ್ರೀಕಂಠ ಎಲ್ಲರನ್ನೂ ನಗಿಸುತ್ತಿದ್ದರು.

ನಾನೂ ಬಿಡುತ್ತಿರಲಿಲ್ಲ. ಗಂಟೆಗಟ್ಟಲೆ ಏನೂ ನಡೆಯದ ಇದಕ್ಕೆ ಬೇಸರ್‌ಬಾಲ್ ಎಂದು ಹೆಸರಿಡಬೇಕಿತ್ತು ಎಂದೆ. "ಆಲಾಪನೆ ಕೇಳೋವಾಗ್ಲೂ ಆಕಳಿಸೋರು ನೀವು, ನಿಮಗೇನು ಗೊತ್ತು" ಎಂದರು. ಶನಿವಾರಗಳಂದು ಮಗಳು ಅನಘಾಳನ್ನು ಕಿಲಿಮಾನಿಯ ಪಿಟೀಲು ಪಾಠಕ್ಕೆ ಬಿಟ್ಟು, ಪಾಠ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ತಾಳ ಹಾಕುವವರು ಅವರು. ಮೈದಾನದಲ್ಲಿ ನಿಂತಾಗಲೂ ಬೆರಳುಗಳು ತೊಡೆಯ ಮೇಲೆಯೇ. ಆಟ ಎಷ್ಟೇ ಬಿಸಿಯೇರಲಿ, ಭಾನುವಾರದ ದೋಸೆ ಹುಯ್ಯುವುದು ಅವರ ಪಾಲಿನ ಕೆಲಸ. "ಕಾವಲಿ ಕಾಯ್ತಿದೆ" ಎಂದು ಹೊರಟೇಬಿಡುತ್ತಿದ್ದರು. ಬೇಸ್‌ಬಾಲಿನಲ್ಲಿ ಹೊರಟ ಜಾಗಕ್ಕೆ ಮನೆ ಎಂದೇ ಹೆಸರು. ಮೂರು ಮೂಲೆ ಮುಟ್ಟಿ ಮನೆಗೆ ಬಂದರೆ ಒಂದು ಓಟ. "ಸಂಸಾರಸ್ಥರಿಗೇ ಮಾಡಿರೋ ಆಟ ಇದು. ಎಲ್ಲಿ ಸುತ್ತಿದ್ರೂ ಮನೆಗೆ ಬಂದ್ರೇನೇ ಲೆಕ್ಕ" ಎನ್ನುತ್ತಿದ್ದರು.

ಆ ಭಾನುವಾರ ಅವರು ಮೂರನೆಯ ಮೂಲೆಯಲ್ಲಿದ್ದರು. ಹೊಡೆಯುವ ಸರದಿ ನನ್ನದು. ಅಪರೂಪಕ್ಕೆ ಚೆಂಡು ಬ್ಯಾಟಿಗೆ ಸರಿಯಾಗಿ ಸಿಕ್ಕಿತು. ನಾನು ಓಡಿದೆ. ಅವರು ಮನೆಯ ಕಡೆ ಓಡುತ್ತಾ ಕೂಗಿದರು: "ಬ್ಯಾಟ್ ಬಿಡ್ರೀ, ಭಟ್ರೇ!" ದನಿಯಲ್ಲಿ ನಗುವಿತ್ತು. ನಾನು ಮೊದಲ ಮೂಲೆ ಮುಟ್ಟಿ ತಿರುಗಿದಾಗ ಅವರು ದಾರಿಯಲ್ಲಿ ಕೂತಿದ್ದರು. ನಕ್ಕು ನಕ್ಕು ಕೂತರು ಎಂದುಕೊಂಡೆ. ಆಮೇಲೆ, ಗೋಡೆಗೆ ಒರಗುವವರಂತೆ ನಿಧಾನವಾಗಿ ಪಕ್ಕಕ್ಕೆ ವಾಲಿದರು. ಅಲ್ಲಿ ಗೋಡೆ ಇರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ನನ್ನನ್ನು ತಡೆದ. "ಪೋಲೆ, ಸರ್" ಎಂದ. ಇಲ್ಲಿ ದುಃಖದಲ್ಲಿರುವವರಿಗೆ ಹೇಳುವ ಮಾತು ಅದು. ಆಮೇಲೆ ನನ್ನ ಕೈ ತೋರಿಸಿ, ಇದನ್ನು ಒಳಗೆ ಒಯ್ಯುವಂತಿಲ್ಲ ಎಂದ. ಆಗಲೇ ನಾನು ನೋಡಿದ್ದು. ಒಳಗೆ ವೈದ್ಯರಿಗೆ ಮಾಡಲು ಏನೂ ಉಳಿದಿರಲಿಲ್ಲ.

ಸೌತ್ ಸಿ ಬಡಾವಣೆಯ ಅವರ ಮನೆಯಲ್ಲಿ ವೈಕುಂಠ ಸಮಾರಾಧನೆಯ ದಿನ, ಶ್ರೀಕಂಠ ಕೊನೆಗಳಿಗೆಯಲ್ಲಿ 'ರಾಮ' ಅಂದರಂತೆ ಎಂದು ಯಾರೋ ಹೇಳಿದರು. ಪಾಯಸ ಬಡಿಸುವ ಹೊತ್ತಿಗೆ ಅದು 'ರಾಮ ರಾಮ' ಆಗಿತ್ತು. ಯಾರೂ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸತ್ತವರಿಗೆ ಒಳ್ಳೆಯದಾಗಲಿ ಎಂದು ಒಬ್ಬೊಬ್ಬರೂ ಚೂರು ಸೇರಿಸಿದ್ದರು. ನಾನು ಎಲೆ ನೋಡುತ್ತಾ ಕೂತೆ.

ಊಟವಾದ ಮೇಲೆ ಅವರ ಹೆಂಡತಿ ವಸುಧಾ ನನ್ನನ್ನು ಅಡುಗೆಮನೆಗೆ ಕರೆದರು. ಅನಘಾ ಫ್ರಿಜ್ಜಿಗೆ ಒರಗಿ ನಿಂತಿದ್ದಳು.

"ಭಟ್ರೇ, ಎಲ್ಲರೂ ರಾಮ ರಾಮ ಅಂತಿದ್ದಾರೆ. ದೇವರ ಮುಂದೆ ಕೂತ್ರೂ ರಾಗದ ಹೆಸರು ಹೇಳ್ತಿದ್ದ ಮನುಷ್ಯ ಅವ್ರು. ಕೇಳಿಸ್ಕೊಂಡೋರು ನೀವು. ಏನಂದ್ರು?"

"ಪ್ಲೀಸ್ ಅಂಕಲ್, ಜಸ್ಟ್ ಟೆಲ್ ಅಸ್" ಎಂದಳು ಅನಘಾ.

ಕೊನೆಯ ಮಾತಿನ ಮೇಲೆ ಮುಂದಿನ ಗತಿ ನಿಂತಿದೆ ಎಂದು ನಂಬುವ ಮನೆತನದವನು ನಾನು. ರಾಮ ಎನ್ನುವುದು ಸುಲಭವಿತ್ತು. ಹೊರಗೆ ಒಂದು ಮನೆ ತುಂಬ ಸಾಕ್ಷಿಗಳಿದ್ದರು. ಆದರೆ ಈ ಇಬ್ಬರಿಗೆ ಬೇಕಾದದ್ದು ಶ್ರೀಕಂಠರದೇ ಮಾತು, ಮತ್ತು ಅದನ್ನು ಅವರು ಹೇಳಿದ್ದು ನನಗೆ. ಹೇಳಿದೆ. ಅವರ ದನಿ ನನಗೆ ಬರಲಿಲ್ಲ, ಮಾತಷ್ಟೇ ಬಂತು.

ವಸುಧಾ ಗೋಡೆಗೆ ತೂಗುಹಾಕಿದ್ದ ದೋಸೆ ಕಾವಲಿಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಬಿಟ್ರಾ?"

"ಇಲ್ಲ. ಆಸ್ಪತ್ರೆ ಗೇಟಿನ ತನಕ ಕೈಲೇ ಇತ್ತು."

"ಓ ಗಾಡ್, ಹೀ ಮಸ್ಟ್ ಬಿ ಸೋ ಮ್ಯಾಡ್ ಅಟ್ ಯೂ, ಅಂಕಲ್" ಎಂದಳು ಅನಘಾ. ವಸುಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದು ನಗುವೋ ಅಳುವೋ ನಾನು ಹೇಳಲಾರೆ. ಹತ್ತಿರವೇ ನಿಂತಿದ್ದೆ, ಆದರೂ ಹೇಳಲಾರೆ.

ಹೊರಡುವಾಗ, ಶ್ರೀಕಂಠರ ಬ್ಯಾಟ್ ನನ್ನ ಮನೆಯಲ್ಲಿದೆ, ತಂದುಕೊಡುತ್ತೇನೆ ಎಂದೆ.

"ಅವಸರ ಇಲ್ಲ ಭಟ್ರೇ" ಎಂದರು ವಸುಧಾ. "ಬಿಡೋದು ಕಲಿತ ಮೇಲೆ ತನ್ನಿ."

ಅದು ನಮ್ಮ ಬಾಗಿಲ ಹಿಂದೆ ನಿಂತಿದೆ. ಇನ್ನೂ ಕೊಟ್ಟಿಲ್ಲ.