ವಿಭೂತಿ ತಟ್ಟೆಯ ಕೆಳಗಿನ ದುಡ್ಡು

ಗೌರಾದೇವಿಯವರು ಎರಡು ವರ್ಷ ನಾಲ್ಕು ತಿಂಗಳು ತ್ರಿವೇಣಿಯ ಮಗಳನ್ನು ನೋಡಿಕೊಂಡರು. ಅದಕ್ಕೆ ತಿಂಗಳಿಗೆ ಮುನ್ನೂರು ಡಾಲರ್ ತೆಗೆದುಕೊಂಡರು. ಈ ಎರಡು ಮಾತನ್ನು ಒಟ್ಟಿಗೆ ಯಾರಾದರೂ ಅವರ ಮುಂದೆ ಆಡಿದ್ದರೆ ಮೈಮೇಲೆ ಬಿಸಿನೀರು ಬಿದ್ದವರಂತೆ ಎದ್ದು ನಿಲ್ಲುತ್ತಿದ್ದರು. ಯಾರೂ ಆಡಲಿಲ್ಲ. ಬಾಯಿ ಬಿಡದೆ ಸಂಸಾರ ನಡೆಸುವುದರಲ್ಲಿ ನಮ್ಮ ಮಂದಿಯನ್ನು ಮೀರಿಸುವವರು ಯಾರಿದ್ದಾರೆ?

ಗದಗಿನ ಹುಡುಗಿ. ಹತ್ತೊಂಬತ್ತಕ್ಕೆ ಮದುವೆಯಾಗಿ, ಗಂಡ ಸೋಮಲಿಂಗಪ್ಪನವರ ಹಿಂದೆ ಎಪ್ಪತ್ತೆಂಟರಲ್ಲಿ ಸಿಯಾಟಲ್‌ಗೆ ಬಂದರು. ಗಂಡನಿಗೆ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ, ಎಜುಕೇಶನ್ ಹಿಲ್‌ನಲ್ಲಿ ಸ್ವಂತ ಮನೆ. ಮಕ್ಕಳಾಗಲಿಲ್ಲ. ತಮ್ಮ ಅಣ್ಣನ ಮಗ ವಿಜಯೇಂದ್ರ ಸಾಫ್ಟ್‌ವೇರ್ ಕೆಲಸ ಹಿಡಿದು ಹತ್ತಿರದ ಕರ್ಕ್‌ಲ್ಯಾಂಡ್‌ಗೆ ಬಂದಾಗ ಗೌರಾದೇವಿ ಅವನಿಗಾಗಿ ವಾರಕ್ಕೊಮ್ಮೆ ರೊಟ್ಟಿ ಬಡಿದು ಕಟ್ಟಿ ಕಳಿಸುತ್ತಿದ್ದರು. ಅವನಿಗೆ ಮದುವೆಯಾಗಿ ತ್ರಿವೇಣಿ ಬಂದಳು, ಮಧು ಹುಟ್ಟಿದಳು. ಅಲ್ಲಿಯವರೆಗೆ ಎಲ್ಲ ನೆಟ್ಟಗೇ ಇತ್ತು ಎಂದು ಹೇಳುವ ಹಾಗಿಲ್ಲ. ಎರಡು ಸಾವಿರದ ಎರಡರಲ್ಲಿ ಸೋಮಲಿಂಗಪ್ಪನವರ ಕೆಲಸ ಹೋಗಿತ್ತು. ಕೂಡಿಟ್ಟದ್ದನ್ನು ಅವರು ಷೇರಿನಲ್ಲಿ ಹಾಕಿದ್ದರು, ಅದೂ ಕರಗಿತ್ತು. ಮನೆ ಮಾರಿ ಶೋರ್‌ಲೈನ್‌ನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟಿಗೆ ಬಂದಿದ್ದರು.

ಹೋಗದೆ ಉಳಿದದ್ದು ಸೋಮಲಿಂಗಪ್ಪನವರ ಠೀವಿ ಒಂದೇ. ಕೆಳಗಿನ ಡಬ್ಬಿಯಿಂದ ಟಪಾಲು ತರಲಿಕ್ಕೂ ಇಸ್ತ್ರಿ ಮಾಡಿದ ಅಂಗಿ ಬೇಕು. ಪಿಂಚಣಿ ಬಂದ ದಿನ ಅದನ್ನು ಹೆಂಡತಿಯ ಕೈಗಿಟ್ಟು, ಹೇಗೆ ನಡೆಸುತ್ತೀ ಎಂದು ಒಂದು ಸಲವೂ ಕೇಳುತ್ತಿರಲಿಲ್ಲ. ಕೇಳದಿರುವುದೇ ದೊಡ್ಡಸ್ತಿಕೆ ಎಂದು ತಿಳಿದ ಗಂಡಸರ ಪೈಕಿ ಅವರು. ನಡೆಸುವವಳ ಪಾಡು ನಡೆಸುವವಳಿಗೆ.

ಎರಡು ಸಾವಿರದ ಆರರ ಅಕ್ಟೋಬರಿನಲ್ಲಿ ವಿಜಯೇಂದ್ರ ಆಫೀಸಿನಲ್ಲೇ ಕುಸಿದು ಬಿದ್ದು ಸತ್ತ. ಮೂವತ್ತೆಂಟು ವರ್ಷ. ಮಧುಗೆ ಎರಡು ತುಂಬಿರಲಿಲ್ಲ. ಅಂತ್ಯಕ್ರಿಯೆಯ ದಿನ ಕನ್ನಡದವರೆಲ್ಲ ಸೇರಿದ್ದಾಗ ಸೋಮಲಿಂಗಪ್ಪನವರು ಎದ್ದು ನಿಂತು, ನಾನಿರುವ ತನಕ ಈ ಕೂಸಿನ ತಲೆಯ ಮೇಲೆ ನನ್ನ ಕೈ ಇರುತ್ತದೆ, ಇವಳು ಇನ್ನೊಬ್ಬರ ಹಂಗಿನಲ್ಲಿ ಬೆಳೆಯುವುದಿಲ್ಲ ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ಗೌರಾದೇವಿಗೂ ಗಂಡನ ಮೇಲೆ ಆ ದಿನ ಅಭಿಮಾನ ಉಕ್ಕಿತ್ತು.

ತ್ರಿವೇಣಿ ಒಂದು ದೊಡ್ಡ ಬೇಕರಿಯಲ್ಲಿ ಬೆಳಗಿನ ಪಾಳಿಗೆ ಸೇರಿದಳು. ಐದಕ್ಕೆ ನಿದ್ದೆಗಣ್ಣಿನ ಮಗುವನ್ನು ಕಂಬಳಿಯಲ್ಲಿ ಸುತ್ತಿ ತಂದು ಗೌರಾದೇವಿಯ ಹೆಗಲಿಗೆ ಹಾಕಿ ಹೋಗುತ್ತಿದ್ದಳು. ಮೊದಲ ಸಂಬಳದಲ್ಲಿ ಒಂದು ಲಕೋಟೆ ತಂದು ಕೈಗಿಡಲು ಬಂದಾಗ ಗೌರಾದೇವಿ ಅವಳ ಕೈಯನ್ನೇ ಹಿಂದಕ್ಕೆ ತಳ್ಳಿ, ನಿನಗೇನು ಹುಚ್ಚೇ ಎಂದು ಗದರಿದರು. ಅದೇ ವಾರ ತ್ರಿವೇಣಿ ಅವರನ್ನು ಔಷಧಿ ಅಂಗಡಿಗೆ ಕಾರಿನಲ್ಲಿ ಕರೆದುಕೊಂಡು ಹೋದಳು. ಸೋಮಲಿಂಗಪ್ಪನವರ ಮೂರು ಬಗೆಯ ಮಾತ್ರೆಯಲ್ಲಿ ಒಂದನ್ನು ಗೌರಾದೇವಿ ಮೆಲ್ಲಗೆ ಕೌಂಟರಿನವಳ ಕಡೆ ಹಿಂದಕ್ಕೆ ಸರಿಸಿದರು, ಮುಂದಿನ ತಿಂಗಳು ಒಯ್ಯುತ್ತೇನೆ ಎಂದರು. ತ್ರಿವೇಣಿ ಅದನ್ನು ನೋಡಿದಳು.

ಮರು ಶುಕ್ರವಾರ ಮಗುವನ್ನು ಒಯ್ಯಲು ಬಂದವಳು ದೇವರ ಜಗಲಿಯ ಮುಂದೆ ಕೂತು ಕೈಮುಗಿದು, ಮಗಳ ಹಣೆಗೆ ವಿಭೂತಿ ಹಚ್ಚಿ, ಮಡಿಸಿದ ನೋಟುಗಳನ್ನು ವಿಭೂತಿ ತಟ್ಟೆಯ ಕೆಳಗೆ ಸರಿಸಿ ಎದ್ದಳು. ಸೋಮಲಿಂಗಪ್ಪನವರು ಆ ಹೊತ್ತಿಗೆ ಒಳಗೆ ಮಲಗಿರುತ್ತಿದ್ದರು. ಗೌರಾದೇವಿ ಒಲೆಯ ಕಡೆ ಮುಖ ಮಾಡಿ ನಿಂತೇ ಇದ್ದರು. ಅವಳು ಹೋದ ಮೇಲೆ ತಟ್ಟೆ ಎತ್ತಿದರು. ದೇವರ ಮುಂದೆ ಇಟ್ಟದ್ದು, ಕೊಟ್ಟವರೂ ಇಲ್ಲ, ತೆಗೆದುಕೊಂಡವರೂ ಇಲ್ಲ. ಆಮೇಲೆ ಪ್ರತಿ ತಿಂಗಳೂ ಇದೇ ನಡೆಯಿತು. ಹೀಗೆ ಮೂರನೆಯ ಮಾತ್ರೆಯೂ ಬಂತು, ಕರೆಂಟು ಬಿಲ್ಲೂ ಹೋಯಿತು. ಗಂಡ ಮಾತ್ರ ತನ್ನ ಪಿಂಚಣಿಯ ಬರಕತ್ತು ಎಂದುಕೊಂಡಿದ್ದರು.

ಎರಡು ಸಾವಿರದ ಒಂಬತ್ತರ ಜನವರಿ ಹೊತ್ತಿಗೆ ಊರೆಲ್ಲ ಕೆಲಸ ಕಳೆದುಕೊಂಡವರ ಸುದ್ದಿ. ಬೇಕರಿಯವರು ತ್ರಿವೇಣಿಯ ತಾಸುಗಳನ್ನು ಅರ್ಧಕ್ಕಿಳಿಸಿದರು. ಅವಳು ಸೊರಗಿದ್ದು ಗೌರಾದೇವಿಯ ಕಣ್ಣಿಗೆ ಬೀಳುತ್ತಿತ್ತು. ಮಧು ಇಲ್ಲಿ ಉಂಡರೂ ಮನೆಗೆ ಹೋಗುವಾಗ ಡಬ್ಬಿಯಲ್ಲಿ ಎರಡು ಚಪಾತಿ ಕೇಳುತ್ತಿದ್ದಳು. ಅಮ್ಮನಿಗಂತೆ. ನಾಲ್ಕು ವರ್ಷದ ಕೂಸು ಇಂಗ್ಲಿಷಿನಲ್ಲಿ ಹಾಗೆ ಕೇಳಿದ ದಿನ ಗೌರಾದೇವಿ ಡಬ್ಬಿಗೆ ನಾಲ್ಕು ಚಪಾತಿ ಹಾಕಿದರು.

ಜೊತೆಯಲ್ಲಿ ಕೆಲಸ ಮಾಡುವ ಸುಪ್ರಿಯಾ ಹೇಳಿ, ತ್ರಿವೇಣಿ ಸರ್ಕಾರದ ಆಹಾರ ನೆರವಿಗೆ ಅರ್ಜಿ ಹಾಕಿದಳು. ನೀನು ಕೆಲಸಕ್ಕೆ ಹೋದಾಗ ಮಗುವನ್ನು ಯಾರು ನೋಡುತ್ತಾರೆ, ಅವರಿಗೆ ಏನಾದರೂ ಕೊಡುತ್ತೀಯಾ ಎಂದು ಆಫೀಸಿನವಳು ಕೇಳಿದಳು. ಎರಡು ವರ್ಷದಲ್ಲಿ ಮೊದಲ ಸಲ ತ್ರಿವೇಣಿ ಬಾಯಿಬಿಟ್ಟು ಮುನ್ನೂರು ಎಂದಳು. ಬಂಧುಗಳಾದರೇನು, ಬೇರೆ ಮನೆಯಲ್ಲಿದ್ದಾರಲ್ಲ, ಆ ಖರ್ಚನ್ನು ನಿನ್ನ ಆದಾಯದಲ್ಲಿ ಕಳೆಯುತ್ತೇವೆ, ನೆರವು ಹೆಚ್ಚಿಗೆ ಸಿಗುತ್ತದೆ ಎಂದಳು ಆಫೀಸಿನವಳು. ಚೆಕ್ಕಿಲ್ಲ, ರಸೀತಿಯಿಲ್ಲ ಅಂದರೂ ನಡೆಯುತ್ತದೆ. ಹಣ ತೆಗೆದುಕೊಳ್ಳುವವರು ಒಂದು ಕಾಗದ ಬರೆದು ಸಹಿ ಮಾಡಿ ಫೋನ್ ನಂಬರ್ ಕೊಡಬೇಕು, ನಾವು ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇವೆ, ಅಷ್ಟೇ.

ತ್ರಿವೇಣಿ ಆ ಕಾಗದವನ್ನು ತಾನೇ ಬರೆದು ತಂದಿದ್ದಳು. ಅಡುಗೆಮನೆಯಲ್ಲಿ ಗೌರಾದೇವಿಯ ಮುಂದೆ ಇಟ್ಟು, ತಲೆ ತಗ್ಗಿಸಿ ನಿಂತಳು.

“ಅತ್ತಿ, ನಿಮಗ ಇದು ಸೇರೂದಿಲ್ಲ ಅಂತ ಗೊತ್ತೈತ್ರಿ. ಬ್ಯಾರೆ ದಾರಿ ಇದ್ದಿದ್ರ ತರ್ತಿರ್ಲಿಲ್ಲ.”

ಗೌರಾದೇವಿ ಓದಿದರು. ಮಧು ಎಂಬ ಮಗುವನ್ನು ಸೋಮವಾರದಿಂದ ಶುಕ್ರವಾರದವರೆಗೆ ನೋಡಿಕೊಳ್ಳುತ್ತೇನೆ, ಅದಕ್ಕಾಗಿ ಅವಳ ತಾಯಿಯಿಂದ ತಿಂಗಳಿಗೆ ಮುನ್ನೂರು ಡಾಲರ್ ಪಡೆಯುತ್ತೇನೆ. ಒಂದಕ್ಷರ ಸುಳ್ಳಿಲ್ಲ. ಆದರೂ ಅವರಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡು ವರ್ಷ ತಟ್ಟೆಯ ಕೆಳಗೆ ಇದ್ದದ್ದನ್ನು ಹೀಗೆ ಬಿಳಿ ಹಾಳೆಯ ಮೇಲೆ ಹರವಬೇಕೇ? ಚಪಾತಿ ಡಬ್ಬಿ ಕಣ್ಣಿಗೆ ಬಿತ್ತು. ಸಹಿ ಹಾಕಿದರು. ಮೊಬೈಲು ಇರದ ಕಾರಣ ಮನೆಯ ನಂಬರನ್ನೇ ಬರೆದರು. ಫೋನ್ ಮಾಡುವುದಿದ್ದರೆ ಬೆಳಿಗ್ಗೆ ಹತ್ತರಿಂದ ಹನ್ನೊಂದರ ಒಳಗೆ ಮಾಡಲಿ, ಆಗ ಇವರು ಲೈಬ್ರರಿಗೆ ಹೋಗಿರುತ್ತಾರೆ, ಇವರಿಗೆ ಇದು ತಿಳಿಯಬಾರದು ಎಂದರು. ತ್ರಿವೇಣಿ ಹಾಗೆಯೇ ಕಾಗದದ ಕೆಳಗೆ ಬರೆದಳು.

ಸರ್ಕಾರದ ಫೋನು ನಮ್ಮ ಅನುಕೂಲ ನೋಡಿ ಬರುತ್ತದೆಯೇ? ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಮಧು ಗೌರಾದೇವಿಯ ತೊಡೆಯ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದಳು. ಸೋಮಲಿಂಗಪ್ಪನವರು ಫೋನ್ ಎತ್ತಿದರು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಕಾರ್ಖಾನೆಯ ಮೀಟಿಂಗಿನಲ್ಲಿ ಮಾತಾಡುತ್ತಿದ್ದ ಗತ್ತಿನಲ್ಲಿ, ಒಂದೊಂದೇ ಇಂಗ್ಲಿಷ್ ಶಬ್ದವನ್ನು ಬಿಡಿಸಿ ಹೇಳತೊಡಗಿದರು. ನಿಮ್ಮಲ್ಲಿ ಏನೋ ತಪ್ಪಾಗಿದೆ. ಈ ಮಗು ನಮ್ಮ ಮೊಮ್ಮಗಳು. ಮೊಮ್ಮಗಳನ್ನು ಸಾಕಲಿಕ್ಕೆ ದುಡ್ಡು ತೆಗೆದುಕೊಳ್ಳುವ ಜನ ನಾವಲ್ಲ. ಕಾಗದಕ್ಕೆ ನನ್ನ ಹೆಂಡತಿ ಸಹಿ ಮಾಡಿದ್ದರೆ ಓದದೆ ಮಾಡಿದ್ದಾಳೆ. ಆ ಕಡೆಯವಳು ಸಹಿ ಮಾಡಿದವರ ಬಾಯಿಂದಲೇ ಕೇಳಬೇಕು ಎಂದಿರಬೇಕು, ಅವರು ಫೋನನ್ನು ಹೆಂಡತಿಯ ಕಿವಿಗೆ ಹಿಡಿದು ಪಕ್ಕದಲ್ಲೇ ನಿಂತರು.

“ನೀನೂ ಹೇಳು, ಗೌರಾ,” ಎಂದರು.

ಆ ಕಡೆಯ ಹೆಂಗಸಿನ ದನಿ ಮೆತ್ತಗಿತ್ತು. ಮಗುವನ್ನು ನೋಡಿಕೊಳ್ಳಲು ನಿಮಗೆ ಹಣ ಸಿಗುತ್ತದೆಯೇ, ಹೌದೋ ಇಲ್ಲವೋ ಹೇಳಿ ಎಂದಳು. ಗೌರಾದೇವಿ ಗಂಡನ ಮುಖ ನೋಡಿದರು. ಕೆಲಸ ಹೋಗಿ, ಮನೆ ಹೋಗಿ, ಅಂತ್ಯಕ್ರಿಯೆಯ ದಿನ ಅಷ್ಟು ಜನರ ಮುಂದೆ ಆಡಿದ ಒಂದು ಮಾತನ್ನು ಉಳಿಸಿಕೊಂಡಿದ್ದೇನೆ ಎಂದು ನಂಬಿದ ಮುಖ. ತೊಡೆಯ ಮೇಲಿನ ಕೂಸು ಬಾಯಿ ತೆರೆದು ಮುಂದಿನ ತುತ್ತಿಗೆ ಕಾಯುತ್ತಿತ್ತು.

“ನೋ,” ಎಂದರು ಗೌರಾದೇವಿ. “ನೋ ಮನಿ.”

ಆ ದಿನ ತ್ರಿವೇಣಿ ಬಂದಾಗ ಅವರು ಈ ಸುದ್ದಿ ಎತ್ತಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡರು, ನಾಳೆಯೂ ಹೇಳಲಿಲ್ಲ. ಎರಡು ವಾರ ಅವರಿಗೆ ಊಟ ರುಚಿಸಲಿಲ್ಲ. ಆಫೀಸಿನವರು ಅದನ್ನು ಅಷ್ಟಕ್ಕೇ ಬಿಟ್ಟಿರಬಹುದು ಎಂಬ ಹುಚ್ಚು ಆಸೆ ಬೇರೆ.

ಬಿಟ್ಟಿರಲಿಲ್ಲ. ತ್ರಿವೇಣಿಗೆ ಪತ್ರ ಬಂತು. ಮಗುವಿನ ಖರ್ಚು ಖಾತ್ರಿಯಾಗಿಲ್ಲ, ಕಾಗದಕ್ಕೆ ಸಹಿ ಮಾಡಿದವರೇ ಹಣ ಪಡೆಯುವುದಿಲ್ಲ ಎಂದಿದ್ದಾರೆ, ಸುಳ್ಳು ಮಾಹಿತಿ ಏಕೆ ಕೊಟ್ಟಿರಿ ಎಂದು ಬಂದು ವಿವರಿಸಬೇಕು. ಅವಳು ಒಂದು ದಿನದ ಕೂಲಿ ಬಿಟ್ಟು ಹೋಗಿ, ಅಪರಿಚಿತ ಹೆಂಗಸಿನ ಎದುರು ಕೂತು, ನಾನು ಸುಳ್ಳಿಯಲ್ಲ ಎಂದು ಹೇಳಿದಳು. ತೋರಿಸಲು ಅವಳ ಬಳಿ ಒಂದು ಚೂರು ಕಾಗದವೂ ಇರಲಿಲ್ಲ. ಆ ಹೆಂಗಸು ಕೆಟ್ಟವಳೇನಲ್ಲ. ಈ ಸಲಕ್ಕೆ ತಪ್ಪು ತಿಳಿವಳಿಕೆ ಎಂದು ಬರೆದುಕೊಂಡಳು, ಖರ್ಚನ್ನು ಮಾತ್ರ ಹೊಡೆದುಹಾಕಿದಳು. ಕೈಗೆ ಬಂದ ನೆರವು ಹತ್ತು ದಿನದ ಅಡುಗೆಗೂ ಸಾಲುವಂತಿರಲಿಲ್ಲ.

ಮಾರ್ಚ್ ಒಂದರಿಂದ ಮಧು ಬರಲಿಲ್ಲ. ತ್ರಿವೇಣಿಯ ಪಾಳಿ ಈಗ ಏಳೂವರೆಗೆ. ಅವಳ ಬೀದಿಯಲ್ಲೇ ಲೈಸೆನ್ಸ್ ಇರುವ ಒಬ್ಬ ಹೆಂಗಸು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ, ಬಹುಪಾಲು ಹಣವನ್ನು ಸರ್ಕಾರವೇ ಕಟ್ಟುತ್ತದೆ, ಉಳಿದದ್ದಕ್ಕೆ ತಿಂಗಳು ತಿಂಗಳು ರಸೀತಿ ಸಿಗುತ್ತದೆ. ಇಷ್ಟನ್ನು ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿದಳು. ಸೋಮಲಿಂಗಪ್ಪನವರು ಮುಖ ಗಂಟು ಹಾಕಿಕೊಂಡು, ಇಷ್ಟು ಮಾಡಿದ್ದಕ್ಕೆ ಈ ಹುಡುಗಿಗೆ ಕಿಂಚಿತ್ತೂ ಉಪಕಾರ ಸ್ಮರಣೆ ಇಲ್ಲ, ಒಂದು ಪೈಸೆ ಮುಟ್ಟದೆ ಸಾಕಿದೆವು ಎಂದು ದಿನಕ್ಕೆರಡು ಬಾರಿ ಗೊಣಗತೊಡಗಿದರು. ಗೌರಾದೇವಿ ಪ್ರತಿಸಲವೂ ಕೇಳಿಸಿಕೊಂಡರು. ಅವರಿಗೆ ಗಂಡನ ಮೇಲೆ ಸಿಟ್ಟಿರಲಿಲ್ಲ. ತನ್ನ ಮೇಲೆ ಹೇಸಿಗೆಯಾಗಿತ್ತು.

ಹತ್ತು ದಿನ ಹೇಗೋ ನೂಕಿ, ಒಂದು ಸಂಜೆ ಬಸ್ಸು ಹತ್ತಿ ತ್ರಿವೇಣಿಯ ಮನೆಗೆ ಹೋದರು. ಮಧು ಓಡಿಬಂದು ಕಾಲು ತಬ್ಬಿದಳು. ಅವಳ ಕೂದಲನ್ನು ಯಾರೋ ಬೇರೆ ಥರ ಬಾಚಿ ಬಿಗಿದು ಕಟ್ಟಿದ್ದರು. ತ್ರಿವೇಣಿ ಮಗುವನ್ನು ಒಳಗೆ ಕಳಿಸಿ, ಚಹ ಮಾಡಿಕೊಟ್ಟು ಎದುರಿಗೆ ಕೂತಳು. ಗೌರಾದೇವಿ ತಪ್ಪಾಯಿತು ಎಂದರು. ನೀನು ಒಂದು ಪೈಸೆ ಕೊಡಬೇಡ, ಮಗುವನ್ನು ಬಿಡು, ಅವಳಿಲ್ಲದೆ ನನಗೆ ಆಗುತ್ತಿಲ್ಲ ಎಂದು ಅತ್ತರು. ತ್ರಿವೇಣಿಯೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು.

“ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅತ್ತಿ. ಆದ್ರ ಅಲ್ಲಿ ಆಕಿ ನನ್ನ ಮಾರಿ ನೋಡಿ, ಸುಳ್ಳ ಯಾಕ ಹೇಳ್ದಿ ಅಂತ ಕೇಳಿದ್ಲು. ಇನ್ನೊಮ್ಮೆ ಹಂಗ ಕೇಳಿಸ್ಕೊಳ್ಳಾಕ ನನ್ನ ಕಡೆ ಆಗೂದಿಲ್ಲ. ನನಗೀಗ ಯಾರರ ಕೇಳಿದ್ರ ಹೌದು ಅನ್ನೂ ಮಂದಿ ಬೇಕ್ರಿ.”

ಗೌರಾದೇವಿಯ ಮುಂದಿದ್ದ ಚಹ ಆರಿಹೋಗಿತ್ತು, ಕುಡಿಯದೆ ಎದ್ದು ಬಂದರು.

ಮರುದಿನ ಬೆಳಿಗ್ಗೆ ಸೋಮಲಿಂಗಪ್ಪನವರು ತಿಂಡಿ ಮುಗಿಸಿ ಮತ್ತೆ ಅದೇ ರಾಗ ತೆಗೆದರು. ಒಂದು ಪೈಸೆ ಮುಟ್ಟದೆ, ಎಂದು ಶುರು ಮಾಡುತ್ತಿದ್ದಂತೆ ಗೌರಾದೇವಿ ಅವರ ಮಾತ್ರೆಗಳನ್ನು ತಂದು ಮುಂದಿಟ್ಟರು.

“ಇವು ಆಕಿ ದುಡ್ಡಿನ್ಯಾಗ ಬಂದಾವ್ರಿ. ಎರಡು ವರ್ಷದಿಂದ. ನಾನ ತಗೊಂಡೀನಿ, ತಿಂಗಳಾ ಮುನ್ನೂರು.”

ಸೋಮಲಿಂಗಪ್ಪನವರು ಮಾತ್ರೆಗಳನ್ನೇ ನೋಡುತ್ತ ಕೂತರು. ಕೂಗಾಡುತ್ತಾರೆ ಎಂದು ಗೌರಾದೇವಿ ಹೆದರಿದ್ದರು. ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಸಣ್ಣ ದನಿಯಲ್ಲಿ ಕೇಳಿದರು.

“ಹಂಗಾದ್ರ ಅವತ್ತ ಫೋನಿನ್ಯಾಗ ಇಲ್ಲ ಅಂತ ಯಾಕ ಅಂದಿ?”

“ನೀವು ಬಾಜೂಕ ನಿಂತಿದ್ರಲ್ರಿ.”

ಅವರು ಎದ್ದು ಅಂಗಿ ಕೂಡ ತೊಡದೆ, ಬನಿಯನ್ನಿನಲ್ಲೇ ಹೋಗಿ ಆ ಆಫೀಸಿನ ನಂಬರ್ ಹುಡುಕಿ ಫೋನ್ ಮಾಡಿದರು. ಅರ್ಧ ತಾಸು ಆ ಕಡೆಯ ಸಂಗೀತ ಕೇಳುತ್ತ ನಿಂತರು. ಕೂಡಿರಿ ಎಂದರೂ ಕೂಡಲಿಲ್ಲ. ಕೊನೆಗೆ ಒಬ್ಬರು ಸಿಕ್ಕಾಗ, ತ್ರಿವೇಣಿಯ ಹೆಸರು ಹೇಳಿ, ಆ ದಿನ ನಾನು ಹೇಳಿದ್ದು ತಪ್ಪು, ನನ್ನ ಹೆಂಡತಿಗೆ ಹಣ ಸಿಗುತ್ತಿತ್ತು, ಅದರ ಮೇಲೆಯೇ ನಮ್ಮ ಮನೆ ನಡೆಯುತ್ತಿತ್ತು ಎಂದರು. ಇಂಗ್ಲಿಷಿನಲ್ಲಿ ಎಂದೂ ತಡವರಿಸದ ಮನುಷ್ಯ ಎರಡು ಸಲ ನಿಂತು ನಿಂತು ಹೇಳಿದರು. ಎಂದಿನಿಂದ ಎಂದು ಆ ಕಡೆಯವರು ಕೇಳಿದಾಗ ಫೋನಿಗೆ ಅಂಗೈ ಮುಚ್ಚಿ ಹೆಂಡತಿಯನ್ನು ಕೇಳಿ ತಿಳಿದುಕೊಳ್ಳಬೇಕಾಯಿತು.

ಆ ಕಡೆಯವರು ಎಲ್ಲ ಬರೆದುಕೊಂಡರು. ತ್ರಿವೇಣಿಯ ಮಗುವನ್ನು ಈಗ ನೋಡಿಕೊಳ್ಳುವವರು ಬೇರೆ, ಆ ದಾಖಲೆ ಸರಿಯಾಗಿ ಬಂದಿದೆ, ಹಿಂದಿನ ತಿಂಗಳದ್ದು ಮುಗಿದುಹೋಗಿದೆ, ಕರೆ ಮಾಡಿದ್ದಕ್ಕೆ ವಂದನೆ ಎಂದರು.

ಸೋಮಲಿಂಗಪ್ಪನವರು ಫೋನ್ ಇಟ್ಟು ಹೆಂಡತಿಯ ಕಡೆ ತಿರುಗಿದರು. ಮುಖ ಒಮ್ಮೆಲೇ ಮುದಿಯಾದಂತಿತ್ತು.

“ನಾನ ಹೋಗಿ ಕೈ ಮುಗದು ಕೇಳ್ಕೊಂಡ್ರ,” ಎಂದರು, “ಕೂಸಿನ್ನ ಮತ್ತ ಬಿಡ್ತಾಳೇನು?”

ಗೌರಾದೇವಿಗೆ ಈ ಮನುಷ್ಯನಿಗೆ ಇನ್ನೊಂದು ಸುಳ್ಳು ಹೇಳಿ ಸಮಾಧಾನ ಮಾಡುವ ಆಸೆ ಬಾಯಿಯವರೆಗೆ ಬಂತು. ಅದನ್ನು ನುಂಗಿಕೊಂಡರು.

“ಬಿಡೂದಿಲ್ರಿ,” ಎಂದರು.