ಈರುಳ್ಳಿ ಸಂತೆಯಿಂದ ಮುಲಾಮಿನ ಕಾರ್ಖಾನೆಗೆ

ಬೆಳಿಗ್ಗೆ ಆರೂವರೆಗೆ ನಾಸಿಕ್ ಬಿಟ್ಟೆವು. ಬಾಡಿಗೆ ಜೀಪಿನಲ್ಲಿ ನಾನು, ಫಾರ್ಮಸಿಯ ಕೊನೆಯ ಪರೀಕ್ಷೆ ಮುಗಿಸಿದ ಸುಪ್ರಿಯಾ ಮತ್ತು ಓಂಕಾರ, ಜೊತೆಗೆ ಅವರೇ ತಯಾರಿಸಿದ ಮುಲಾಮಿನ ಟ್ಯೂಬುಗಳು. ನಾವು ಹೋಗಬೇಕಿದ್ದ ಛತ್ರಪತಿ ಸಂಭಾಜಿನಗರ ಸುಮಾರು ನೂರೆಂಬತ್ತು ಕಿಲೋಮೀಟರ್. ಜೂನಿನ ಮೋಡ ಕವಿದಿತ್ತು, ಮಳೆಯಿಲ್ಲ, ಬರೀ ಸೆಕೆ.

ಸ್ವಂತ ಉದ್ಯಮ ಶುರುಮಾಡುವುದು ಹೇಗೆಂದು ನಮ್ಮ ಕಾಲೇಜಿನಲ್ಲಿ ಪಾಠ ಮಾಡುವವನು ನಾನೇ. ಈ ಜನ್ಮದಲ್ಲಿ ಒಂದು ಗುಂಡುಸೂಜಿಯನ್ನೂ ಮಾರಿದವನಲ್ಲ. ನಾಚಿಕೆಯಾಗಿ ಈ ವರ್ಷ ಪುಸ್ತಕ ಮುಚ್ಚಿಸಿ, ‘ಏನಾದರೂ ತಯಾರಿಸಿ, ಬಳಸುವವರ ಕೈಗೆ ಕೊಟ್ಟು ನೋಡಿ’ ಎಂದಿದ್ದೆ. ಇವರಿಬ್ಬರೂ ಈರುಳ್ಳಿ ಆರಿಸುವ ಹೆಂಗಸರ ಒಡೆದ ಬೆರಳುಗಳಿಗೆ ಮುಲಾಮು ಮಾಡಿದರು. ಮಾರಬೇಕಾದರೆ ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ ತಯಾರಾಗಬೇಕು. ಸಂಭಾಜಿನಗರದಲ್ಲಿ ಸಣ್ಣ ಕಾರ್ಖಾನೆ ನಡೆಸುವ, ಕಲಬುರಗಿ ಕಡೆಯ ಪಾಟೀಲರು ಅರ್ಧ ಗಂಟೆ ಕೊಡಲು ಒಪ್ಪಿದ್ದರು. ಅವರು ಆಗದೆಂದರೆ ಸುಪ್ರಿಯಾ ಸೋಮವಾರದಿಂದ ಸೋದರಮಾವನ ಮೆಡಿಕಲ್ ಅಂಗಡಿಯಲ್ಲಿ ಕೂರಬೇಕು. ನಾಸಿಕ್ಕಿನ ಅಂಬಡ್‌ನಲ್ಲಿ ಹೋಟೆಲು ನಡೆಸುವ ಉಡುಪಿಯ ಅಪ್ಪನಿಗೆ ಹಾಗೆಂದು ಮಾತು ಕೊಟ್ಟು ಬಂದಿದ್ದಳು.

ನಿಫಾಡ್‌ನಲ್ಲಿ ತಿಂಡಿಗೆ ಖಾರದ ಮಿಸಳ್ ತಿಂದೆವು. ಓಂಕಾರ ಎರಡು ಪ್ಲೇಟ್ ಹೊಡೆದ. ಸುಪ್ರಿಯಾ ಚಹಾ ಬಿಟ್ಟರೆ ಏನನ್ನೂ ಮುಟ್ಟಲಿಲ್ಲ.

ಲಾಸಲಗಾಂವ್ ತಲುಪುವಾಗ ಈರುಳ್ಳಿ ಸಂತೆಗೆ ಬಂದ ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದಿತ್ತು. ಹದಿನೈದು ದಿನಗಳ ಹಿಂದೆ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಹನ್ನೆರಡು ಹೆಂಗಸರಿಗೆ ಟ್ಯೂಬು ಕೊಟ್ಟಿದ್ದೆವು. ಈಗ ಅಲ್ಲಿಗೆ ಹೋದೊಡನೆ ಅವರ ಪೈಕಿ ಹಿರಿಯರಾದ ಸಿಂಧೂಬಾಯಿ ಒಂದು ಪ್ಲಾಸ್ಟಿಕ್ ಚೀಲ ತಂದು ಸುರಿದರು. ಎಲ್ಲ ಟ್ಯೂಬುಗಳ ಹೊಟ್ಟೆಯನ್ನೂ ಕುಡುಗೋಲಿನಿಂದ ಸೀಳಿದ್ದರು.

“ಈ ಬೆರಳಿಗೆ ಅಷ್ಟು ಸಣ್ಣ ಮುಚ್ಚಳ ತಿರುಗುತ್ತದೇನಮ್ಮ?” ಎಂದು ಮರಾಠಿಯಲ್ಲಿ ಕೇಳಿ ಕೈ ತೋರಿಸಿದರು. ಮುಲಾಮನ್ನು ಅವರೆಲ್ಲ ಕುಂಕುಮದ ಡಬ್ಬಿಗಳಿಗೆ ತುಂಬಿಕೊಂಡಿದ್ದರಂತೆ.

ತಪ್ಪು ನನ್ನದು. ಡಬ್ಬಿಯಲ್ಲಿ ಹಾಕೋಣವೆಂದು ಸುಪ್ರಿಯಾ ಮೊದಲೇ ಹೇಳಿದ್ದಳು. ಬೆರಳು ಅದ್ದಿದರೆ ಮುಲಾಮು ಕೆಡುತ್ತದೆ, ಟ್ಯೂಬೇ ಶುದ್ಧ ಎಂದು ಗದರಿಸಿ ಬಾಯಿ ಮುಚ್ಚಿಸಿದವನು ನಾನು. ಔಷಧ ಕಲಿತವರಿಗೆ ಮುಲಾಮು ಕೆಡುವ ಚಿಂತೆಯೇ ಹೊರತು ಕೈ ಹೇಗಿದೆ ಎಂಬುದರದ್ದಲ್ಲ. ಆದರೂ ಯೇವಲಾ ದಾಟಿದ ಮೇಲೆ ನನ್ನ ಬುದ್ಧಿ ನೋಡಿ: “ಪಾಟೀಲರಿಗೆ ಹೊಸ ಟ್ಯೂಬು ಅಷ್ಟೇ ತೋರ್ಸ್ರಿ” ಎಂದೆ. ಸುಪ್ರಿಯಾ ಸೀಳಿದ ಟ್ಯೂಬುಗಳ ಚೀಲವನ್ನು ತನ್ನ ಕಾಲ ಬಳಿ ಎಳೆದುಕೊಂಡಳು.

ಹನ್ನೊಂದೂವರೆಗೆ ಕಾರ್ಖಾನೆ ಸೇರಿದೆವು. ಮುಲಾಮು ಕಲಸುವ ಎರಡು ಯಂತ್ರ, ಏಳೆಂಟು ಕೆಲಸಗಾರರು. ಪಾಟೀಲರು ಹೊಸ ಟ್ಯೂಬು ತೆರೆದು ಮುಲಾಮನ್ನು ಅಂಗೈಗೆ ತಿಕ್ಕಿಕೊಂಡರು.

“ಛಲೋ ಅದ. ಯಾರರೆ ಹಚ್ಚಿ ನೋಡ್ಯಾರೇನ್ರಿ?”

ಸುಪ್ರಿಯಾ ನನ್ನ ಮುಖ ನೋಡಿದಳು. ಆಮೇಲೆ ಚೀಲ ತೆಗೆದು, ಸೀಳಿದ ಟ್ಯೂಬುಗಳನ್ನೆಲ್ಲ ಮೇಜಿನ ಮೇಲೆ ಇಟ್ಟಳು. ಅವಳ ಕನ್ನಡ ಎರಡು ಮಾತಿಗೊಮ್ಮೆ ಮರಾಠಿಗೆ ಜಾರುತ್ತಿತ್ತು, ಆದರೆ ಒಂದನ್ನೂ ಮುಚ್ಚಿಡಲಿಲ್ಲ. ನನಗೆ ತಲೆ ತಗ್ಗಿಸುವಂತಾಯಿತು.

ಪಾಟೀಲರು ಒಂದು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಹರದಾರ ಖರೇ. ಆದ್ರ ಒಳಗ ಬೆರಳಿಗೆ ಅಂಟೂವಷ್ಟೂ ಬಿಟ್ಟಿಲ್ಲ ನೋಡ್ರಿ ಸರ್. ಬ್ಯಾಡಾಗಿದ್ರ ಇಷ್ಟು ಯಾರು ಕೆರಿತಾರ?” ಸುಪ್ರಿಯಾಳ ಕಡೆ ತಿರುಗಿ, “ಅಗಲ ಬಾಯಿನ ಡಬ್ಬಿ ನಾ ಹುಡುಕ್ತೀನಿ. ಮುಲಾಮು ಕೆಡದಂಗ ನೀವು ನೋಡ್ಕೋರಿ. ಸೋಮವಾರದಿಂದ ಇಬ್ಬರೂ ಬಂದು ಮಿಷಿನ್ ಮುಂದ ನಿಂದರಬೇಕು. ತಿಂಗಳಾದ್ರೂ ಸರಿ, ಕಲ್ತೇ ಹೋಗಬೇಕು” ಎಂದರು.

ಹಿಂದಿರುಗುವಾಗ ವೈಜಾಪುರದ ಧಾಬಾದಲ್ಲಿ ಸುಪ್ರಿಯಾ ಮೂರು ಜೋಳದ ಭಾಕರಿ ತಿಂದಳು. ಆಮೇಲೆ ಅಪ್ಪನಿಗೆ ಫೋನ್ ಮಾಡಿದಳು. “ಅಪ್ಪ, ನಾನು ಸೋಮವಾರ ಮೆಡಿಕಲ್‌ಗೆ ಹೋಗುದಿಲ್ಲ” ಎಂದವಳು ಬಹಳ ಹೊತ್ತು ಬರೀ ಹೂಂಗುಟ್ಟಿದಳು. ಕೊನೆಗೆ ಫೋನನ್ನು ನನ್ನ ಕೈಗೆ ಕೊಟ್ಟಳು. ಬೈಗುಳಕ್ಕೆ ಸಿದ್ಧನಾಗಿಯೇ ಕಿವಿಗಿಟ್ಟುಕೊಂಡೆ.

“ಸಾರ್,” ಎಂದರು ಆಕೆಯ ಅಪ್ಪ. “ಅಲ್ಲಿ ಅವಳಿಗೆ ಮಧ್ಯಾಹ್ನದ ಊಟಕ್ಕೆ ಎಂತ ವ್ಯವಸ್ಥೆ? ಸೋಮವಾರ ನಾನೇ ಬಿಡ್ಲಿಕ್ಕೆ ಬರ್ತೇನೆ, ಒಳ್ಳೆ ಹೋಟ್ಲುಂಟಾ ನೋಡ್ಬೇಕಲ್ಲ.”