ಬಾನೆಟ್ಟಿನೊಳಗಿನ ಹೊಗೆಸೊಪ್ಪು

ಹುಣಸೂರಿನ ನನ್ನ ಗ್ಯಾರೇಜಿಗೆ ಪಿರಿಯಾಪಟ್ಟಣದ ಕಡೆಯ ರೈತರೊಬ್ಬರು ಟರ್ಬೊ ಡೀಸೆಲ್ ಕಾರು ತಂದರು. "ಬಸ್ಸು ಓವರ್‌ಟೇಕ್ ಮಾಡೋಕೆ ಆಕ್ಸಿಲೇಟರ್ ಒತ್ತುದ್ರೆ ಯೋಚ್ನೆ ಮಾಡ್ತಾ ನಿಂತ್ಕತದೆ ಕಣ್ರೀ. ನೆನ್ನೆ ಎದುರ್ಗೆ ಲಾರಿ ಬಂದು ಜೀವ ಬಾಯಿಗೆ ಬಂದಿತ್ತು."

ಸ್ಕ್ಯಾನರ್ ಹಾಕಿದೆ. ಎಂಜಿನ್ನಿಗೆ ಗಾಳಿ ನೂಕುವ ಟರ್ಬೊದ ಒತ್ತಡ ಕಡಿಮೆ ತೋರಿಸಿತು. ಪೈಪು ಎಲ್ಲೂ ಸೀಳಿರಲಿಲ್ಲ. ಟರ್ಬೊವೇ ಹೋಗಿದೆ ಅನ್ನೋಣ ಎಂದರೆ ಅದರ ಚಕ್ರ ಸಲೀಸಾಗಿ ತಿರುಗುತ್ತಿತ್ತು. ಹಾಗಾದರೆ ಗಾಳಿ ಎಲ್ಲಿ ನಿಂತಿದೆ? ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಒಣಗಿದ ಹೊಗೆಸೊಪ್ಪಿನ ಚೂರು ಒಳಗೆಲ್ಲ ಮೆತ್ತಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗಿತ್ತು.

"ಇದೇನ್ರೀ?"

"ಇಲಿ ವೈರ್ ಕಡೀಬಾರ್ದು ಅಂತ ಬಾನೆಟ್ ಒಳಗೆ ಒಂದು ಕಟ್ಟು ಇಟ್ಟಿದ್ದೆ. ನಮ್ಮೂರಲ್ಲಿ ಎಲ್ಲಾ ಇಡ್ತಾರೆ." ಒಂದು ಚೂರು ಮೂಸಿ ನೋಡಿ, "ಒಳ್ಳೇ ಸೊಪ್ಪು ಕಣ್ರೀ, ಹಾಳಾಯ್ತಲ್ಲ" ಎಂದು ಮರುಗಿದರು.

ಕಟ್ಟನ್ನೇ ತೆಗೆಸಿ, "ಇನ್ನು ಇದನ್ನ ಇಡಬೇಡಿ" ಎಂದು ಗದರಿ ಹೊಸ ಫಿಲ್ಟರ್ ಹಾಕಿದೆ. ಕಾರು ಜಿಂಕೆಯ ಹಾಗೆ ನೆಗೆಯಿತು.

ವಾರದ ಮೇಲೆ ಅವರ ಫೋನು. "ಪಿಕಪ್ ಪಸಂದಾಗಿತ್ತು ಕಣ್ರೀ. ಇವತ್ತು ಸ್ಟಾರ್ಟೇ ಆಗ್ತಿಲ್ಲ. ಇಲಿ ವೈರ್ ಕಡಿದದೆ. ನೀವೇ ಬಂದ್ಬುಡಿ."

ಹೋಗದೆ ಇರಲಾದೀತೇ? ಇಲಿಗೆ ಬಾಗಿಲು ತೆಗೆದವನು ನಾನೇ.